ಬಳೆಯೂ ನೋಯುವ ಕೈ

ನನ್ನ ಕೈಯಿಂದ ಅರಿವಳಿಕೆ ಪಡೆದವರಲ್ಲಿ ನನ್ನ ಮುಖ ನೆನಪಿಟ್ಟುಕೊಂಡವರು ಬಹಳ ಕಡಿಮೆ. ಇದು ದೂರಲ್ಲ, ಕೆಲಸ ಸರಿಯಾಗಿ ನಡೆಯಿತು ಎಂಬುದಕ್ಕೆ ಪ್ರಮಾಣಪತ್ರ. ಅರಿವಳಿಕೆ ವೈದ್ಯನಾದವನು ರೋಗಿಯ ತಲೆಯ ಹಿಂದೆ ನಿಂತು, ಒಂದರಿಂದ ಎಣಿಸಲು ಹೇಳಿ, ಅವರು ಐದು ಮುಟ್ಟುವ ಮೊದಲು ಅವರ ಬದುಕಿನಿಂದ ಮರೆಯಾಗತಕ್ಕದ್ದು. ಎಚ್ಚರವಾದಾಗ ಅವರಿಗೆ ಕಾಣುವುದು ಮೂಳೆ ಡಾಕ್ಟರು, ಇಲ್ಲವೇ ಹೆರಿಗೆ ಡಾಕ್ಟರು. ಮನೆಗೆ ಹೋಗುವ ದಿನ ಸಿಹಿಯ ಡಬ್ಬ ಅವರಿಗೆ ಸಲ್ಲುತ್ತದೆ. ಸಕ್ಕರೆ ಕಾಯಿಲೆಯ ನನಗೆ ಇದೂ ದೇವರ ದಯೆಯೇ.

ನನ್ನ ಮನೆ ಮಂಡ್ಯದಲ್ಲಿ. ಕೆಲಸ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ. ಕರೆದರೆ ಹೋಗುತ್ತೇನೆ, ಅರಿವಳಿಕೆ ಕೊಡುತ್ತೇನೆ, ರೋಗಿ ಕಣ್ಣು ಬಿಟ್ಟು ಹೆಸರು ಹೇಳಿದರೆ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಊರಿಗೆ ಹೊರಡುತ್ತೇನೆ. ಆಮೇಲಿನ ನೋವು ನರ್ಸ್‌ಗಳ ಪಾಲಿಗೆ, ಫೋನು ನನ್ನ ಪಾಲಿಗೆ. ನಮ್ಮ ಕಡೆ ಈ ವೃತ್ತಿ ನಡೆಯುವುದೇ ಹೀಗೆ. ಹೀಗೆ ನಡೆಯುವುದರಿಂದ ಏನಾಗಬಹುದು ಎಂದು ನನಗೆ ತಿಳಿಸಿಕೊಟ್ಟವರು ಶಾಲೆಯ ಬಿಸಿಯೂಟ ಮಾಡುವ ಒಬ್ಬ ಹೆಂಗಸು.

ಆ ಸೋಮವಾರ ಬೆಳಿಗ್ಗೆ ಅವರು ಮದ್ದೂರಿನ ನರ್ಸಿಂಗ್ ಹೋಮಿನ ಮಂಚದ ಮೇಲಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಗಂಡನ ಸ್ಕೂಟರಿನ ಹಿಂದೆ ಕೂತು ಬರುವಾಗ ರಸ್ತೆಯ ಉಬ್ಬಿನಲ್ಲಿ ಸ್ಕೂಟರು ಎಗರಿ ಬಿದ್ದಿದ್ದರು. ಬಲಗಾಲಿನ ಮೂಳೆ ಮಂಡಿಯ ಕೆಳಗೆ, ಕೀಲಿನವರೆಗೆ ಸೀಳಿ ಕಾಲು ಊದಿಕೊಂಡಿತ್ತು. ಮೂಳೆ ಡಾಕ್ಟರು ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಕೈ ಚುರುಕಿನವರು. ಅವರ ಲೆಕ್ಕ ಹೀಗಿತ್ತು: ಇವತ್ತು ಹೊರಗಿನಿಂದ ಕಂಬಿ ಹಾಕಿ ಕಾಲನ್ನು ನೆಟ್ಟಗೆ ಹಿಡಿದಿಡುವುದು, ಊತ ಇಳಿದ ಮೇಲೆ, ಸುಮಾರು ಎರಡು ವಾರಕ್ಕೆ, ಒಳಗೆ ಪ್ಲೇಟು ಕೂರಿಸುವುದು. ಎರಡನೆಯದು ಆಗದಿದ್ದರೆ ಆ ಮಂಡಿ ಮತ್ತೆ ನೆಟ್ಟಗೆ ಭಾರ ಹೊರುವುದಿಲ್ಲ.

ನಾನು ಫಾರಂ ಹಿಡಿದು ಪ್ರಶ್ನೆ ಕೇಳಿದೆ. ಬಿಪಿ, ಶುಗರ್ರು? ಇಲ್ಲ. ದಿನಾ ಯಾವುದಾದರೂ ಮಾತ್ರೆ?

"ಮಾತ್ರೆ ಅಂದ್ರೆ ಸೇರಾಕಿಲ್ಲ ಸಾ ನಂಗೆ."

'ಇಲ್ಲ' ಎಂದು ಬರೆದುಕೊಂಡೆ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತೇನೆ ಎಂದೆ. ಆಕೆ ಮಂಚದ ಕಂಬಿ ಹಿಡಿದುಕೊಂಡರು.

"ಬೆನ್ಗೆ ಮಾತ್ರ ಬ್ಯಾಡಿ. ದುದ್ದದ ಆಸ್ಪತ್ರೇಲಿ ನಮ್ ನಾದ್ನಿ ಎರಿಗೆ ಆಪ್ರೇಸನ್ ಆದಾಗ ಆಕುಸ್ಕಂಡ್ಳು. ಇವತ್ಗೂ ಬಗ್ಗಿ ಒಂದ್ ಚೊಂಬು ಎತ್ತಕಿಲ್ಲ. ನಾನು ನೂರೈವತ್ ಮಕ್ಳ ಸಾರಿನ ಪಾತ್ರೆ ಎತ್ತೋಳು."

ಈ ನಂಬಿಕೆ ನಮ್ಮ ಜಿಲ್ಲೆಯ ಪ್ರತಿ ಮನೆಯಲ್ಲೂ ಇದೆ. ಹೆರಿಗೆಯಾದ ಮೇಲೆ ಬೆನ್ನು ನೋಯುವುದಕ್ಕೆ ನೂರು ಕಾರಣ; ಅಪರಾಧಿ ಮಾತ್ರ ನನ್ನ ಸೂಜಿ. ಕೂತು ಬಿಡಿಸಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಅದಕ್ಕೆ ಅರ್ಧ ಗಂಟೆ ಬೇಕು. ಮಳವಳ್ಳಿಯಲ್ಲಿ ಸಿಸೇರಿಯನ್ ಒಂದು ನನಗಾಗಿ ಕಾದಿತ್ತು. ಅರ್ಧ ಗಂಟೆಯ ಮಾತನ್ನು ಉಳಿಸುವುದಕ್ಕಾಗಿ ನಾನು ಪೂರ್ತಿ ಪ್ರಜ್ಞೆ ತಪ್ಪಿಸುವುದೆಂದು ತೀರ್ಮಾನಿಸಿದೆ. ಬಳೆ ತೆಗೆಯಿರಿ ಎಂದು ನರ್ಸಮ್ಮ ಹೇಳಿದ್ದಕ್ಕೆ ಆಕೆ, "ಗಂಡ ಮುಂದ್ಗಡೆ ನಿಂತವ್ನೆ, ಬಳೆ ತೆಗೀತಾರೇನವ್ವ," ಎಂದು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಕೊನೆಗೆ ಹಸಿರು ಗಾಜಿನ ಬಳೆಗಳ ಮೇಲೆ ಬ್ಯಾಂಡೇಜು ಸುತ್ತಿ ಒಳಗೆ ಕರೆದುಕೊಂಡು ಹೋದೆವು.

ಶಸ್ತ್ರಚಿಕಿತ್ಸೆಯ ನೋವಿನ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿತ್ತು. ನೋವು ತಲೆ ಎತ್ತುವ ಮೊದಲೇ ಬಡಿದು ಕೂರಿಸಬೇಕು. ಆಯುಧ ಫೆಂಟನಿಲ್, ಅಫೀಮಿನ ಬಳಗದ ಬಲವಾದ ಔಷಧಿ. ನಾಡಿ ಏರಿದಾಗೆಲ್ಲ ಇನ್ನಷ್ಟು ಕೊಟ್ಟೆ. ಕಡೆಯಲ್ಲಿ ಅದನ್ನೇ ಗಂಟೆಗಿಷ್ಟು ಎಂದು ತಾನಾಗಿ ನೂಕುವ ಸಿರಿಂಜ್ ಪಂಪಿಗೆ ತುಂಬಿ, ನರ್ಸಮ್ಮನಿಗೆ ಅಳತೆ ಬರೆದುಕೊಟ್ಟೆ. ರೋಗಿ ಕಣ್ಣು ಬಿಟ್ಟರು, ಹೆಸರು ಹೇಳಿದರು. ನಾನು ಹೊರಟೆ.

ಮಳವಳ್ಳಿಯಲ್ಲಿ ಕೆಲಸ ಮುಗಿಸಿ, ಊರಾಚೆ ಹೊಂಗೆ ಮರದಡಿ ಕಾರು ನಿಲ್ಲಿಸಿ ಟಿಫನ್ ಡಬ್ಬಿ ಬಿಚ್ಚಿದ್ದೆ. ನಾನು ಮಧ್ಯಾಹ್ನದ ಊಟ ಮಾಡುವುದು ಸಾಮಾನ್ಯವಾಗಿ ಸ್ಟೇರಿಂಗ್ ಎದುರಿನಲ್ಲಿ, ಪಂಕ್ತಿಭೇದವಿಲ್ಲದ ಭೋಜನ. ಫೋನು ಬಂತು.

"ಸರ್, ಕಾಲಿನ ಪೇಷೆಂಟು ತುಂಬಾ ನೋವು ಅಂತಾರೆ."

"ಪಂಪು ಸ್ವಲ್ಪ ಏರಿಸಿ."

ಸಂಜೆ ಮತ್ತೆ ಫೋನು. ಟ್ರಮಡಾಲ್ ಸೂಜಿ ಸೇರಿಸಿ ಎಂದೆ. ಅದೂ ಸ್ವಲ್ಪಮಟ್ಟಿಗೆ ಅದೇ ಬಳಗದ್ದು. ಮಂಗಳವಾರ ಇಡೀ ದಿನ ಮಂಡ್ಯದಲ್ಲಿದ್ದೆ. ಎರಡು ಸಲ ಫೋನು ಬಂತು, ಎರಡು ಸಲವೂ ಏರಿಸಿದೆ. ಹೀಗೆ ಎರಡು ದಿನ ರೋಗಿಯ ಮುಖ ನೋಡದೆ, ಕೈ ಮುಟ್ಟದೆ, ಊರಿಂದೂರಿಗೆ ನೋವು ಗುಣಪಡಿಸುವ ಮಹಾವಿದ್ಯೆಯನ್ನು ಪ್ರಯೋಗಿಸಿದೆ. ಇಂಥ ಮುರಿತದಲ್ಲಿ ಊತ ಒಳಗೇ ಬಿಗಿದು ರಕ್ತ ಓಡದಂತಾಗುವ ಭಯ ಇದ್ದೇ ಇರುತ್ತದೆ. ಹಾಗಾದರೆ ಕಾಲೇ ಹೋಗುತ್ತದೆ. ಮೂಳೆ ಡಾಕ್ಟರು ಅದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದರು. ಮೀನಖಂಡ ಮೆತ್ತಗಿತ್ತು, ಪಾದದ ನಾಡಿ ಸರಿಯಾಗಿತ್ತು, ಬೆರಳುಗಳು ಆಡುತ್ತಿದ್ದವು.

"ಕಾಲಲ್ಲಿ ಏನೂ ತಪ್ಪಿಲ್ಲ ಸರ್," ಎಂದರು ಅವರು ಫೋನಿನಲ್ಲಿ. ಹಾಗಾದರೆ ತಪ್ಪು ಹೆಂಗಸಿನದು ಎಂಬ ಅರ್ಥ ಆ ಮಾತಿನಲ್ಲಿತ್ತು. ನನಗೂ ಆ ಅರ್ಥ ಅನುಕೂಲವಾಗಿತ್ತು.

ಬುಧವಾರ ಬೆಳಿಗ್ಗೆ ಬೇರೊಂದು ಕೇಸಿಗೆ ಮದ್ದೂರಿಗೆ ಹೋದವನು, ಅದು ಮುಗಿದ ಮೇಲೆ ವಾರ್ಡಿಗೆ ಹೋದೆ. ಬಾಗಿಲಲ್ಲೇ ನರ್ಸಮ್ಮ ದನಿ ತಗ್ಗಿಸಿ, "ಸ್ವಲ್ಪ ನಾಟಕಾನೂ ಇದೆ ಸರ್," ಎಂದರು. ಇಪ್ಪತ್ತು ವರ್ಷದ ಅನುಭವದ, ಕರುಣೆಯಿರುವ ಹೆಂಗಸು. ಎರಡು ದಿನ ನಿದ್ದೆಗೆಟ್ಟು ಆ ಮಾತು ಹೇಳಿದ್ದರು.

ಒಳಗೆ ಬೇಸಿಗೆಯ ಧಗೆ. ಫ್ಯಾನು ನಿಂತಿತ್ತು. ಗಂಡ ಬನಿಯನ್ನಿನಲ್ಲಿ ಗೋಡೆಗೊರಗಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಕರೆಂಟ್ ಇಲ್ಲವಾ?" ಎಂದೆ.

"ಕರೆಂಟ್ ಅದೆ ಸಾ. ಇವ್ಳು ಆಕಕ್ಕೆ ಬುಡಕಿಲ್ಲ. ಗಾಳಿ ತಾಕುದ್ರೆ ಮೈ ಉರೀತದೆ ಅಂತಾಳೆ. ದುಪ್ಟಿ ಒದ್ಸುದ್ರೆ ಕಿರುಚ್ತಾಳೆ. ಇನ್ನೇನ್ ಸಾ, ಡಿಸ್ಚಾರ್ಜ್ ಬರ್ಕೊಡಿ. ಕಟ್ಟು ಕಟ್ಟೋರ ತವ ಕರ್ಕೊಂಡ್ ಓಯ್ತೀನಿ."

ಕಾಲಿನಿಂದ ಕಂಬಿಗಳು ಹೊರಗೆ ಚಾಚಿರುವವರನ್ನು ನಾಟಿ ಕಟ್ಟು ಕಟ್ಟುವವರ ಬಳಿಗೆ ಒಯ್ಯುವುದು. ಅವರು ಕಂಬಿ ಬಿಚ್ಚಿಸುತ್ತಾರೆ, ಬಿದಿರ ದಬ್ಬೆ ಬಿಗಿಯುತ್ತಾರೆ, ಮಂಡಿ ಸೊಟ್ಟಗೆ ಕೂಡುತ್ತದೆ. ನಾನು ಇದನ್ನು ಹೇಳಲು ಬಾಯಿ ತೆರೆದಾಗ ಮಂಚದ ಪಕ್ಕದ ಸ್ಟೂಲು ಕಣ್ಣಿಗೆ ಬಿತ್ತು. ಸ್ಟೂಲಿನ ಮೇಲೆ ಸ್ಟೀಲ್ ಲೋಟ. ಲೋಟದೊಳಗೆ ಹಸಿರು ಬಳೆಗಳು.

"ಇದನ್ನು ಯಾರು ತೆಗೆದರು?"

ಗಂಡ ಮುಖ ತಿರುಗಿಸಿದರು. "ಅವ್ಳೇ ನೆನ್ನೆ ಸೋಪು ಅಚ್ಕೊಂಡು ತೆಗ್ದಾಕುದ್ಳು. ನಮ್ಮವ್ವ ನೋಡಿ, ಮಾತಾಡ್ದೆ ಎದ್ದೋಯ್ತು."

ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ನೋಯ್ತವೆ ಸಾ. ಬಳೆ ನೋಯ್ತವೆ."

ಅದು ಎಡಗೈ. ಬಿದ್ದಾಗ ಅದಕ್ಕೆ ತರಚು ಗಾಯವೂ ಆಗಿರಲಿಲ್ಲ. ಸೂಜಿ ಚುಚ್ಚಿದ್ದು ಬಲಗೈಗೆ. ನನ್ನ ಪಾಂಡಿತ್ಯ ಆವರೆಗೆ ಕೆಲಸ ಮಾಡಿರಲಿಲ್ಲ, ಆಗ ಮಾಡಿತು. ನಮ್ಮ ಕಡೆ ನಾಟಕ ಮಾಡುವ ಹೆಂಗಸು ಕೂಗಾಡಿಯಾಳು, ಊಟ ಬಿಟ್ಟಾಳು, ತವರಿಗೆ ಹೋದಾಳು. ಗಂಡನನ್ನು ಎದುರಿಗೆ ಕೂರಿಸಿಕೊಂಡು ಬಳೆ ತೆಗೆದಿಡಲಾರಳು.

ಟ್ರೇಯಿಂದ ಒಂದು ಎಳೆ ಹತ್ತಿ ತೆಗೆದು ಆ ಮುಂಗೈಯ ಮೇಲೆ ಮೆಲ್ಲಗೆ ಎಳೆದೆ. ಆಕೆ ಕೆಂಡ ತಾಕಿದಂತೆ ಕೈ ಕಿತ್ತುಕೊಂಡರು. ಹೊಟ್ಟೆಯ ಮೇಲೆ, ಎಡಗಾಲಿನ ಮೇಲೆ ಎಳೆದೆ. ಎಲ್ಲ ಕಡೆಯೂ ಅದೇ. ನರ್ಸಮ್ಮನ ಕೈಯಿಂದ ಚಾರ್ಟು ತೆಗೆದುಕೊಂಡೆ. ಮುದ್ದಾದ ಅಕ್ಷರದಲ್ಲಿ ಒಂದು ಸಾಲಿನಲ್ಲಿ ಔಷಧಿ, ಇನ್ನೊಂದರಲ್ಲಿ ನೋವು. ಔಷಧಿ ಏರಿದಾಗೆಲ್ಲ ನೋವು ಅರ್ಧ ಗಂಟೆ ತೂಕಡಿಸಿ, ಆಮೇಲೆ ಮೊದಲಿಗಿಂತ ಎತ್ತರಕ್ಕೆ ಎದ್ದಿತ್ತು. ಉಸಿರಾಟ ಮಾತ್ರ ನಿಧಾನವಾಗುತ್ತ ಬಂದಿತ್ತು.

ಇದರ ಬಗ್ಗೆ ನಾನು ಓದಿದ್ದೆ. ನೋವು ಅಡಗಿಸಲು ಕೊಟ್ಟ ಅಫೀಮಿನ ಬಳಗದ ಔಷಧಿ ಕೆಲವರಲ್ಲಿ, ಅದರಲ್ಲೂ ಹೆಚ್ಚು ಸುರಿದಾಗ, ನರಗಳನ್ನೇ ಮಸೆದು ಹರಿತ ಮಾಡುತ್ತದೆ. ದೇಹ ಔಷಧಿಗೆ ಒಗ್ಗಿಹೋಗುವುದು ಬೇರೆ; ಹಾಗಾದರೆ ಇನ್ನಷ್ಟು ಕೊಟ್ಟಾಗ ನೋವು ತಗ್ಗಬೇಕು. ಇಲ್ಲಿ ಇನ್ನಷ್ಟು ಕೊಟ್ಟದ್ದೇ ಇನ್ನಷ್ಟು ನೋವು. ಗಾಯವಿಲ್ಲದ ಕಡೆಯೂ ನೋವು, ನೋಯಿಸಬಾರದ್ದು ತಾಕಿದರೂ ನೋವು. ಓದಿದಾಗ ಇದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳ ಕಾಯಿಲೆ ಎಂದುಕೊಂಡಿದ್ದೆ. ಮದ್ದೂರಿಗೂ ಬಸ್ಸಿದೆ ಎಂಬುದು ಹೊಳೆದಿರಲಿಲ್ಲ.

ಮೂಳೆ ಡಾಕ್ಟರನ್ನು ಕರೆಸಿದೆ. ಅವರು ಕಾಲನ್ನು ಇನ್ನೊಮ್ಮೆ ಪೂರ್ತಿ ಪರೀಕ್ಷಿಸಿದರು. ಸರಿಯಾಗಿತ್ತು.

"ಪಂಪು ನಿಲ್ಲಿಸ್ತೀನಿ," ಎಂದೆ.

"ಸರ್, ನೋವಿಗೆ ಕಿರುಚ್ತಾ ಇರೋರಿಗೆ ನೋವಿನ ಔಷಧಿ ನಿಲ್ಲಿಸೋದಾ? ಗಂಡ ಆಗಲೇ ಬ್ಯಾಗು ಕಟ್ಟಿದ್ದಾರೆ. ನಿಮ್ಮ ಲೆಕ್ಕ ತಪ್ಪಾದ್ರೆ ಮಧ್ಯಾಹ್ನಕ್ಕೆ ಹೊರಟುಬಿಡ್ತಾರೆ. ಆ ಕಾಲು ಮುಗೀತು."

"ನಿಲ್ಲಿಸದಿದ್ರೂ ಹೊರಡ್ತಾರೆ."

ಅವರು, "ನಿಮ್ಮ ಕೇಸು ಸರ್," ಎಂದು ಹೋದರು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ನಯವಾಗಿ ಕೈ ಬಿಡುವ ಮಾತಿಲ್ಲ.

ಮಳವಳ್ಳಿಗೆ ಫೋನು ಮಾಡಿ, ಇವತ್ತಿನ ಎರಡು ಹರ್ನಿಯಾಕ್ಕೆ ಬರಲಾಗುವುದಿಲ್ಲ ಎಂದೆ. ಅಲ್ಲಿನ ಡಾಕ್ಟರಿಗೆ ಗಾಬರಿ. "ಹುಷಾರಿಲ್ವಾ ಸರ್?"

"ಇಲ್ಲ."

"ಅಯ್ಯೋ, ಏನಾಯ್ತು ನಿಮಗೆ?"

"ನನಗಲ್ಲ. ಪೇಷೆಂಟಿಗೆ."

ರೋಗಿಗೆ ಹುಷಾರಿಲ್ಲ ಎಂದು ಅರಿವಳಿಕೆ ವೈದ್ಯ ರಜೆ ಹಾಕಿದ ದಾಖಲೆ ನಮ್ಮ ಮೂರು ಊರಿನಲ್ಲೂ ಇರಲಿಲ್ಲವೆಂದು ಕಾಣುತ್ತದೆ.

ಪಂಪನ್ನು ಮೊದಲು ಅರ್ಧಕ್ಕೆ ಇಳಿಸಿದೆ. ಎರಡು ಗಂಟೆ ಬಿಟ್ಟು ಅದರರ್ಧ, ಸಂಜೆಯೊಳಗೆ ಪೂರ್ತಿ ಬಂದ್. ಟ್ರಮಡಾಲ್ ಆ ಕ್ಷಣವೇ ರದ್ದು. ಪ್ಯಾರಸಿಟಮಾಲ್ ಡ್ರಿಪ್ಪು, ಕೇಳಿದಾಗಲ್ಲ, ಗಡಿಯಾರ ನೋಡಿ. ಮೂತ್ರಪಿಂಡದ ರಿಪೋರ್ಟು ನೋಡಿಕೊಂಡು ಡೈಕ್ಲೋಫೆನ್ಯಾಕ್. ಇವುಗಳ ಜೊತೆಗೆ ಕೆಟಮಿನ್. ಇದು ನಮ್ಮ ಕಪಾಟಿನ ನಿವೃತ್ತ ಹೆಡ್‌ಮಾಸ್ತರು. ದೊಡ್ಡ ಅಳತೆಯಲ್ಲಿ ಕೊಟ್ಟರೆ ರೋಗಿ ಗೋಡೆಯ ಮೇಲೆ ದೇವರನ್ನೂ ದೆವ್ವವನ್ನೂ ಕಾಣುತ್ತಾರೆಂದು ಹೊಸಬರು ಅದರ ತಂಟೆಗೆ ಹೋಗುವುದಿಲ್ಲ. ಆದರೆ ಬಹಳ ಚಿಕ್ಕ ಅಳತೆಯಲ್ಲಿ, ಹನಿಹನಿಯಾಗಿ ಕೊಟ್ಟರೆ, ಕೆರಳಿದ ನರಗಳನ್ನು ಕೂರಿಸುವ ಗುಣ ಅದಕ್ಕಿದೆ. ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಮಂಚದ ಪಕ್ಕ ಕೂತೆ.

ಮೊದಲ ಎರಡು ಗಂಟೆ ಯಾವ ಬದಲಾವಣೆಯೂ ಇಲ್ಲ. ಮೂರನೆಯದರಲ್ಲಿ ನರಳಾಟ ಹೆಚ್ಚಾಯಿತು. ಗಂಡ ಒಳಗೆ ಬಂದರು, ಹೊರಗೆ ಹೋದರು, ಬ್ಯಾಗಿನ ಜಿಪ್ಪು ಎಳೆದರು. ನರ್ಸಮ್ಮ ಬಾಗಿಲಲ್ಲಿ ನಿಂತು ನನ್ನನ್ನೂ ಪಂಪನ್ನೂ ನೋಡಿ ಹೋದರು. ನಿದ್ದೆಯಲ್ಲಿರುವ ರೋಗಿಯ ಪಕ್ಕ ಗಂಟೆಗಟ್ಟಲೆ ಒಬ್ಬನೇ ಕೂರುವುದು ನನಗೆ ಹೊಸದಲ್ಲ. ಎಚ್ಚರವಾಗಿ ನೋಯುತ್ತಿರುವವರ ಪಕ್ಕ, ಆ ನೋವು ನಾನೇ ಕೊಟ್ಟದ್ದೆಂದು ತಿಳಿದು ಕೂರುವ ಒಂಟಿತನ ಬೇರೆಯದೇ. ಅಲ್ಲಿ ಮಾನಿಟರಿನತ್ತ ನೋಡಿಕೊಂಡು ಕಾಲ ಕಳೆಯಲು ಆಗುವುದಿಲ್ಲ.

ಸುಮ್ಮನೆ ಕೂರಲಾರದೆ ಗಂಡನನ್ನು ಮಾತಿಗೆಳೆದೆ. ಮೊದಲೇನಾದರೂ ಮಂಡಿನೋವಿತ್ತೇ ಎಂದೆ.

"ಇತ್ತು ಸಾ. ಪಾತ್ರೆ ಎತ್ತಿ ಎತ್ತಿ. ವಾರಕ್ಕೆ ಎಲ್ಡ್ ಸಲ, ಮೂರ್ ಸಲ ಸೂಜಿ ಆಕುಸ್ಕತಿದ್ಳು. ಏಳೆಂಟ್ ತಿಂಗ್ಳಿಂದ್ಲೂ."

"ಏನೂ ಔಷಧಿ ಇಲ್ಲ ಅಂದಿರಲ್ಲ."

"ನೀವು ಮಾತ್ರೆ ಕೇಳುದ್ರಿ. ಸೂಜಿ ಕೇಳ್ಲಿಲ್ಲ."

ಮಂಚದಿಂದ ಸಣ್ಣ ದನಿ ಬಂತು. "ಮೊದ್ಲು ಮಂಡಿ ಒಂದೇ ನೋಯ್ತಿತ್ತು ಸಾ. ಸೂಜಿ ಆಕುಸ್ಕತಾ ಆಕುಸ್ಕತಾ ಮೈಯೆಲ್ಲ ನೋಯಕ್ ಸುರುವಾಯ್ತು. ಅದ್ಕೆ ಇನ್ನೊಂದ್ ಸೂಜಿ."

ಆ ಸೂಜಿ ಹಾಕುತ್ತಿದ್ದವರಿಗೆ ಗಂಡನಿಂದ ಫೋನು ಮಾಡಿಸಿ ಔಷಧಿಯ ಹೆಸರು ಕೇಳಿಸಿದೆ. ಟ್ರಮಡಾಲ್. ಅಂದರೆ ಆಕೆಯ ನರಗಳನ್ನು ಮಸೆಯುವ ಕೆಲಸ ನಾನು ಬರುವ ಮೊದಲೇ ಶುರುವಾಗಿತ್ತು; ನಾನು ಸಾಣೆಯನ್ನು ಜೋರಾಗಿ ತಿರುಗಿಸಿದೆ. ಅದರ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇವತ್ತಿಗೂ ಹೇಳಲಾರೆ. ನಮ್ಮ ಕಡೆ ಸೂಜಿ ಎಂದರೆ ಔಷಧಿಯಲ್ಲ, ಶಕ್ತಿ. ಇಷ್ಟು ವರ್ಷ ಇದೇ ಜನರ ನಡುವೆ ಇದ್ದು ಅದು ನನಗೆ ಗೊತ್ತಿರಬೇಕಿತ್ತು.

ಸಂಜೆ ಐದರ ಹೊತ್ತಿಗೆ ನರಳಾಟ ನಿಂತಿತು. ಮಲಗಿದರು. ಅದು ಮತ್ತಿನ ತೂಕಡಿಕೆಯಲ್ಲ, ನಿದ್ದೆ. ಗಂಡ ಬ್ಯಾಗಿಗೆ ತಲೆಯಿಟ್ಟು ನೆಲದ ಮೇಲೆ ಮಲಗಿದರು. ಹೊರಡುವ ಮಾತು ಆ ದಿನಕ್ಕೆ ಬ್ಯಾಗಿನಡಿ ಸೇರಿತು. ಮರುದಿನ ಮಧ್ಯಾಹ್ನ ಹತ್ತಿ ಎಳೆದಾಗ ಮುಖ ಮಾತ್ರ ಕಿವುಚಿದರು. ಶುಕ್ರವಾರ ಫ್ಯಾನು ಒಂದನೇ ಸ್ಪೀಡಿನಲ್ಲಿ ತಿರುಗಿತು. ಬಳೆಗಳು ಲೋಟದಲ್ಲೇ ಇದ್ದವು.

ಎರಡು ವಾರಕ್ಕೆ ಊತ ಇಳಿಯಿತು. ಪ್ಲೇಟು ಕೂರಿಸುವ ದಿನ ಬಂತು. ಆಕೆ ಬೇಡವೆಂದರು.

"ಇನ್ನೊಂದ್ ಸಲ ಆ ಮೂರ್ ದಿನ ನನ್ಕೈಲಿ ಆಗಾಕಿಲ್ಲ. ಕಾಲ್ ಸೊಟ್ಟಕಿದ್ರೆ ಇರ್ಲಿ ಬುಡಿ."

"ಸೊಟ್ಟ ಕಾಲಲ್ಲಿ ಪಾತ್ರೆ ಎತ್ತೋದು ಹೆಂಗೆ?"

"ಕೂತ್ಕಂಡು ತರ್ಕಾರಿ ಎಚ್ತೀನಿ."

ಈ ಸಲ ಮಳವಳ್ಳಿ ನನಗಾಗಿ ಕಾದಿರಲಿಲ್ಲ, ಕಾಯದಂತೆ ನೋಡಿಕೊಂಡಿದ್ದೆ. ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿದೆ. ಹೋದ ಸಲದ ನೋವು ನಿಮ್ಮ ನಾಟಕವಲ್ಲ, ನನ್ನ ಔಷಧಿ. ಈ ಸಲ ಅದನ್ನು ಸುರಿಯುವುದಿಲ್ಲ. ಬೆನ್ನಿಗೆ ಸೂಜಿ, ತೊಡೆಯ ನರದ ಪಕ್ಕಕ್ಕೆ ಇನ್ನೊಂದು, ಹೆಡ್‌ಮಾಸ್ತರು ಹನಿಯಷ್ಟು, ಪ್ಯಾರಸಿಟಮಾಲ್ ಗಡಿಯಾರದ ಪ್ರಕಾರ. ಬೆನ್ನು ಎರಡು ದಿನ ನೋಯಬಹುದು, ಜೀವಮಾನವಿಡೀ ನೋಯುವುದಿಲ್ಲ. ಇದನ್ನೆಲ್ಲ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ, ಅವಸರವಿತ್ತು.

ಆಕೆ ನನ್ನನ್ನು ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿದರು.

"ಆಪ್ರೇಸನ್ ಆದ್ಮೇಕೆ ನೀವು ಎಲ್ಗೋಯ್ತೀರಿ?"

"ಎಲ್ಲಿಗೂ ಇಲ್ಲ. ಸೂಜಿಯ ಜೋಮು ಇಳಿಯುವವರೆಗೆ ಇಲ್ಲೇ ಇರ್ತೀನಿ."

"ಇದ್ರೆ ಆಕುಸ್ಕತೀನಿ."

ಅರ್ಧ ಗಂಟೆಯೂ ಹಿಡಿದಿರಲಿಲ್ಲ. ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದೆ.

ಬೆರಳುಗಳ ಅಲುಗಾಟ ಬೇಗ ತಿಳಿಯಬೇಕೆಂದು ಮೂಳೆ ಡಾಕ್ಟರು ಹೇಳಿದ್ದರಿಂದ ತೊಡೆಯ ನರಕ್ಕೆ ಔಷಧಿಯನ್ನು ತೆಳುವಾಗಿ ಕೊಟ್ಟೆ. ಬೆನ್ನಿನ ಸೂಜಿಗೆ ಆಕೆ ಉಸಿರು ಬಿಗಿಹಿಡಿದು, "ಇಷ್ಟೇನಾ," ಎಂದರು. ಎದೆಯ ಮುಂದೆ ಹಸಿರು ಬಟ್ಟೆ ಕಟ್ಟಿದರು. ಆಚೆ ಡ್ರಿಲ್ಲು, ಸುತ್ತಿಗೆ, ಈಚೆ ನಾವಿಬ್ಬರು.

ಬಟ್ಟೆಯ ಈಚೆಯಿಂದ ಯಾರಾದರೂ ಇಷ್ಟೊಂದು ಮಾತಾಡಿಸಿದ್ದು ನನಗೆ ನೆನಪಿಲ್ಲ. ಸಿಸೇರಿಯನ್ನಿನ ತಾಯಂದಿರು ಎಚ್ಚರವಿದ್ದರೂ ಅವರ ಕಿವಿ ಮಗುವಿನ ಅಳುವಿನ ಕಡೆಗಿರುತ್ತದೆ. ಈಕೆಯ ಗಮನ ಪೂರ್ತಿ ನನ್ನ ಮೇಲಿತ್ತು.

"ನೀವು ದಿನಾ ಇಲ್ಲೇ ಕೂತಿರ್ತೀರಾ ಸಾ?"

"ಇಲ್ಲೇ."

"ಯಾರ್ ಜೊತೆ ಮಾತಾಡ್ತೀರಿ?"

"ಈ ಮಿಷಿನ್ ಜೊತೆ."

"ಏನಂತದೆ?"

"ಬೀಪ್ ಅಂತದೆ."

ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಬ್ಯಾರೆ ಏನೂ ಅನ್ನಕಿಲ್ವಾ?"

"ಬೇರೆ ಏನಾದರೂ ಅಂದ್ರೆ ತೊಂದ್ರೆ."

"ಪಾಪ," ಎಂದರು. ಯಾರಿಗೆ ಎಂದು ಕೇಳಲಿಲ್ಲ. ಆಮೇಲೆ ನೂರೈವತ್ತು ಮಕ್ಕಳ ಸಾರಿಗೆ ಬೇಳೆ ಎಷ್ಟು, ಹುಳಿ ಯಾವಾಗ, ಒಗ್ಗರಣೆ ಯಾಕೆ ಕೊನೆಗೆ ಎಂದು ಸವಿಸ್ತಾರವಾಗಿ ಹೇಳಿದರು. ಮಧ್ಯೆ ನಾನು ಏನು ತಿಂದು ಬಂದೆ ಎಂದು ಕೇಳಿ, ಬ್ರೆಡ್ಡು ಎಂದದ್ದಕ್ಕೆ ಬಹಳ ಬೇಸರಪಟ್ಟರು. ಬಟ್ಟೆಯ ಆಚೆಯಿಂದ ಮೂಳೆ ಡಾಕ್ಟರು, "ಸರ್, ಸ್ವಲ್ಪ ಮಲಗಿಸ್ತೀರಾ?" ಎಂದರು. ಕೇಳಿಸದವನಂತೆ ಇದ್ದೆ.

ಹನ್ನೆರಡೂವರೆಗೆ ಮುಗಿಯಿತು. ವಾರ್ಡಿನಲ್ಲಿ ಕುರ್ಚಿ ಹಾಕಿಕೊಂಡೆ. ಫೆಂಟನಿಲ್ ಒಂದು ಚಿಕ್ಕ ಅಳತೆಯಲ್ಲಿ ಸಿರಿಂಜಿನಲ್ಲಿ ತುಂಬಿ ಟ್ರೇಯಲ್ಲಿಟ್ಟಿದ್ದೆ. ತಡೆಯಲಾರದಷ್ಟು ನೋವಿದ್ದರೆ ಕೊಡಲೇಬೇಕು. ಸಿದ್ಧಾಂತಕ್ಕಾಗಿ ಮನುಷ್ಯರನ್ನು ನರಳಿಸುವ ಹಕ್ಕು ನನಗಿಲ್ಲ. ಮೂರು ಗಂಟೆಗೆ ಬೆರಳುಗಳು ಅಲುಗಿದವು. ಮೂರೂವರೆಗೆ ಆಕೆ ಮಾತು ನಿಲ್ಲಿಸಿದರು. ಹಣೆಯ ಮೇಲೆ ಬೆವರು ಮೂಡಿತು. ಗಂಡ ನನ್ನ ಮುಖ ನೋಡಿದರು. ನಾನು ಟ್ರೇ ನೋಡಿದೆ.

"ನೋವಾ?" ಎಂದೆ.

ಆಕೆ ತನ್ನೊಳಗೇ ಏನನ್ನೋ ಹುಡುಕಿ ನೋಡಿದರು. ಒಂದು ಕೈಯಿಂದ ಇನ್ನೊಂದು ಕೈ ಸವರಿಕೊಂಡರು. ದುಪ್ಪಟಿಯನ್ನು ಎದೆಯವರೆಗೆ ಎಳೆದು, ಬಿಟ್ಟು, ಮತ್ತೆ ಎಳೆದರು.

"ಅದೆ ಸಾ. ಚೆನ್ನಾಗೇ ಅದೆ ನೋವು. ಆದ್ರೆ ಕಾಲ್ ನೋವು ಕಾಲಲ್ಲೇ ಅದೆ."

ಸಿರಿಂಜನ್ನು ಬಳಸಲಿಲ್ಲ. ಅದನ್ನು ನರ್ಸಮ್ಮನ ಎದುರಿಗೆ ಚೆಲ್ಲಿ, ಚಾರ್ಟಿನಲ್ಲಿ ಇಬ್ಬರೂ ಸಹಿ ಹಾಕಿದೆವು. ಸಿಹಿಯ ಡಬ್ಬ ವಾಡಿಕೆಯಂತೆ ಮೂಳೆ ಡಾಕ್ಟರಿಗೆ ಹೋಯಿತು ಎಂದು ಆಮೇಲೆ ತಿಳಿಯಿತು. ನಾನು ಪೆಟ್ಟಿಗೆ ಎತ್ತಿಕೊಂಡು ಬಾಗಿಲು ದಾಟುವಾಗ ಹಿಂದಿನಿಂದ ಗಾಜು ಸ್ಟೀಲಿಗೆ ತಾಕುವ ಸದ್ದು ಕೇಳಿಸಿತು. ಆಕೆ ಗಂಡನಿಗೆ ಹೇಳುತ್ತಿದ್ದರು.

"ಕಾಲ್ ಕಡಿಕ್ ಏನ್ ನೋಡ್ತಿಯಾ, ಬಳೆ ತೊಡ್ಸು. ಮೆತ್ಗೆ. ಆಮೇಲೆ ಆ ಫ್ಯಾನು ಜೋರಾಗಿ ಆಕು, ಸಾಯ್ತಾ ಇವ್ನಿ ಸೆಕೆಗೆ."